ಪೈಪ್ ಹಾಕೋದು ಸುಲಭ, ಎಲ್ಲಿ ಸೋರತ್ತೆ ಅಂತ ಗೊತ್ತಿರ್ಬೇಕು ಅಷ್ಟೆ

ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಕೊಡೋ ಕಮಾಂಡುಗಳನ್ನ ಸಾಲಾಗಿ ಬರೆದಿಟ್ಟ ಫೈಲು) ಕಲಿಯೋವಾಗ ನಾನು ಒಂದು ಕಮಾಂಡಿನ ಔಟ್‌ಪುಟ್ಟನ್ನ ಟೆಂಪ್ ಫೈಲಿಗೆ ಹಾಕಿ, ಅದನ್ನ ಇನ್ನೊಂದು ಕಮಾಂಡಿಗೆ ಕೊಟ್ಟು, ಆಮೇಲೆ ಅಳಿಸೋದು ಮರ್ತು ಫೋಲ್ಡರ್ ಪೂರ್ತಿ ಕಸ ಮಾಡಿಟ್ಟಿದ್ದೆ. ಅದೇನೂ ಬೇಡ, ಎರಡರ ಮಧ್ಯೆ | ಅಂತ ಒಂದು ಉದ್ದ ಗೀಟು ಹಾಕಿದ್ರೆ ಆಯ್ತು, ಅದೇ ಪೈಪ್, ಮೊದಲನೇದರ ಔಟ್‌ಪುಟ್ ಸೀದಾ ಎರಡನೇದಕ್ಕೆ ಹೋಗತ್ತೆ. ತೋಟದ ಪೈಪಿಗೆ ಇನ್ನೊಂದು ತುಂಡು ಸಿಗಿಸೋ ಹಾಗೆ ಪ್ರೋಗ್ರಾಮ್ ಜೋಡಿಸೋಕೆ ಬರ್ಬೇಕು ಅಂತ ಬೆಲ್ ಲ್ಯಾಬ್ಸಿನ ಡಗ್ ಮೆಕಿಲ್‌ರಾಯ್ 1964ರಲ್ಲೇ ಬರ್ದಿದ್ರು, 1973ರಲ್ಲಿ ಕೆನ್ ಥಾಂಪ್ಸನ್ ಅದನ್ನ ಯುನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿಗೆ ತಂದ್ರು.

ವೆಬ್ ಸರ್ವರ್ ಲಾಗಲ್ಲಿ (ಯಾರು ಯಾವಾಗ ಬಂದ್ರು ಅಂತ ಬರೆದಿಡೋ ಫೈಲಲ್ಲಿ) ಯಾವ ಐಪಿ, ಅಂದ್ರೆ ಬಂದವರ ನೆಟ್‌ವರ್ಕ್ ವಿಳಾಸ, ಜಾಸ್ತಿ ಸಲ ಬಂದಿದೆ ನೋಡ್ಬೇಕು ಅನ್ಕೊಳಿ (ಕಮಾಂಡನ್ನ ಓದೋ ಥರ ಬರ್ದಿದೀನಿ, ಟೈಪ್ ಮಾಡೋವಾಗ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹಾಕಿ):

ಕಟ್ -ಡಿ ' ' -ಎಫ್ 1 ಆಕ್ಸೆಸ್.ಲಾಗ್ | ಸಾರ್ಟ್ | ಯುನಿಕ್ -ಸಿ | ಸಾರ್ಟ್ -ಎನ್ಆರ್ | ಹೆಡ್

ಕಟ್ ಪ್ರತಿ ಸಾಲಿಂದ ಐಪಿ ಮಾತ್ರ ತೆಗೆಯತ್ತೆ, ಸಾರ್ಟ್ ಕ್ರಮವಾಗಿ ಜೋಡಿಸತ್ತೆ, ಯುನಿಕ್ (uniq) ಒಂದೇ ಥರದ್ದು ಎಷ್ಟು ಸಲ ಅಂತ ಎಣಿಸತ್ತೆ, ಹೆಡ್ ಮೇಲಿನ ಕೆಲವು ಸಾಲು ತೋರಿಸತ್ತೆ. ಮೊದಲನೇ ಸಾರ್ಟ್ ಯಾಕೆ ಅಂದ್ರೆ ಯುನಿಕ್ ಪಕ್ಕಪಕ್ಕದ ಸಾಲು ಮಾತ್ರ ಹೋಲಿಸತ್ತೆ, ಅದನ್ನ ಬಿಟ್ರೆ ಎರರ್ ಏನೂ ಬರಲ್ಲ, ಲೆಕ್ಕ ಮಾತ್ರ ತಪ್ಪಾಗತ್ತೆ.

ಎಲ್ರೂ ಎಡವೋದು ಎಲ್ಲಿ ಗೊತ್ತಾ, ಫೈಲ್ ಹುಡುಕೋ ಫೈಂಡ್ ಕೊಟ್ಟ ಹೆಸರನ್ನ ಸೀದಾ ಫೈಲ್ ಅಳಿಸೋ ಆರ್‌ಎಂಗೆ (rm) ಪೈಪ್ ಮಾಡ್ತಾರೆ, ಅದು ಆಪರೆಂಡ್ (ಯಾವ ಫೈಲ್ ಅನ್ನೋದು) ಇಲ್ಲ ಅಂತ ಬೈಯತ್ತೆ. ಪೈಪಲ್ಲಿ ಬರೋದು ಸ್ಟ್ಯಾಂಡರ್ಡ್ ಇನ್‌ಪುಟ್ಟಿಗೆ, ಆರ್‌ಎಂ ನೋಡೋದು ಆರ್ಗ್ಯುಮೆಂಟ್, ಅಂದ್ರೆ ಕಮಾಂಡಿನ ಮುಂದೆ ಅದೇ ಸಾಲಲ್ಲಿ ಬರ್ದಿರೋದು. ಪೈಪಲ್ಲಿ ಬಂದಿದ್ದನ್ನ ಆರ್ಗ್ಯುಮೆಂಟಾಗಿ ಮಾಡಿಕೊಡೋದು ಎಕ್ಸ್ಆರ್ಗ್ಸ್ (xargs). ಆದ್ರೆ ಅದು ಸ್ಪೇಸ್ ಕಂಡಲ್ಲೆಲ್ಲ ಕತ್ತರಿಸತ್ತೆ, "ಮದ್ವೆ ಫೋಟೋ" ಅನ್ನೋ ಫೈಲು ಅದಕ್ಕೆ ಮದ್ವೆ ಬೇರೆ ಫೋಟೋ ಬೇರೆ, ಅದಕ್ಕೇ ಹೆಸರುಗಳ ಮಧ್ಯೆ ನಲ್ ಅನ್ನೋ ಕಾಣದ ಗುರುತು ಇಟ್ಟು ಅಲ್ಲಿ ಮಾತ್ರ ಕತ್ತರಿಸೋ ಹಾಗೆ ಹೀಗೆ ಬರೀಬೇಕು:

ಫೈಂಡ್ . -ನೇಮ್ '*.ಟಿಎಂಪಿ' -ಪ್ರಿಂಟ್0 | ಎಕ್ಸ್ಆರ್ಗ್ಸ್ -0 ಆರ್‌ಎಂ

ಮೊದಲ ಸಲ ಆರ್‌ಎಂ ಜಾಗದಲ್ಲಿ ಎಕೋ ಹಾಕಿ ನೋಡಿ, ಏನೇನು ಹೋಗತ್ತೆ ಅಂತ ಕಣ್ಣಿಗೆ ಕಾಣ್ಲಿ.

ಎರರ್ ಮೆಸೇಜು ಪೈಪಲ್ಲಿ ಹೋಗಲ್ಲ, ಸೀದಾ ಸ್ಕ್ರೀನಿಗೆ ಬರತ್ತೆ, ಅದೂ ಪೈಪಿನಾಚೆ ಪದ ಹುಡುಕೋ ಗ್ರೆಪ್ಪಿಗೆ (grep) ಸಿಗ್ಬೇಕಾದ್ರೆ | ಗಿಂತ ಮುಂಚೆ 2>&1 ಹಾಕಿ.

ಇನ್ನೊಂದು ನಾನೇ ತಿಂದ ಪೆಟ್ಟು. ಡೇಟಾಬೇಸ್ ಡಂಪನ್ನ (ಅದರ ಪೂರ್ತಿ ನಕಲನ್ನ) ಗಾತ್ರ ಕುಗ್ಗಿಸೋ ಜಿಜಿಪ್ಪಿಗೆ (gzip) ಪೈಪ್ ಮಾಡಿ ದಿನಾ ರಾತ್ರಿ ಬ್ಯಾಕಪ್ ತಗೊಳೋ ಸ್ಕ್ರಿಪ್ಟ್ ಬರ್ದಿದ್ದೆ, ಫೇಲ್ ಆದ್ರೆ ಮೇಲ್ ಬರೋ ಹಾಗೂ ಮಾಡಿದ್ದೆ, ಮೇಲ್ ಬರ್ತಿರ್ಲಿಲ್ಲ ಅಂತ ನಾನೂ ಆರಾಮಾಗಿದ್ದೆ. ಒಂದಿನ ಬೇಕಾಯ್ತು ಅಂತ ತೆಗ್ದು ನೋಡಿದ್ರೆ ಪ್ರತಿ ಫೈಲೂ 20 ಬೈಟು. ಪಾಸ್‌ವರ್ಡ್ ಬದಲಾಗಿ ಡಂಪ್ ಯಾವಾಗ್ಲೋ ನಿಂತಿತ್ತು, ಜಿಜಿಪ್ ಪಾಪ ಖಾಲಿಯನ್ನೇ ನೀಟಾಗಿ ಮಡಿಸಿ ಇಡ್ತಿತ್ತು. ಪೈಪ್ ಸಾಲಿನ ಎಕ್ಸಿಟ್ ಕೋಡ್ (ಕೆಲಸ ಸರಿಯಾಯ್ತಾ ಇಲ್ವಾ ಅಂತ ಹೇಳೋ ಸಂಖ್ಯೆ) ಅಂದ್ರೆ ಕೊನೇ ಕಮಾಂಡಿಂದು ಮಾತ್ರ, ಅದು ಸೊನ್ನೆ ಅಂದ್ರೆ ಸ್ಕ್ರಿಪ್ಟಿಗೆ ಎಲ್ಲಾ ಸರಿ. ಬ್ಯಾಶ್ ಅನ್ನೋ ಶೆಲ್ಲಲ್ಲಿ ಸ್ಕ್ರಿಪ್ಟಿನ ತಲೇಲಿ ಈ ಸಾಲು ಹಾಕಿದ್ರೆ ಮಧ್ಯೆ ಯಾವುದು ಬಿದ್ರೂ ಇಡೀ ಪೈಪ್ ಫೇಲ್ ಅಂತ ಲೆಕ್ಕ:

ಸೆಟ್ -ಒ ಪೈಪ್‌ಫೇಲ್

ಆ ರಾತ್ರಿನೇ ಹಾಕ್ದೆ, ಮೊದಲನೇ ಮೇಲ್ ಬಂತು.