ಕಾಂತಕ್ಷೇತ್ರವನ್ನು ಕಟ್ಟಿಹಾಕುವ ಕಪ್ಪು ಬಿಲ್ಲೆ

ನೋಡಲು ಸುಟ್ಟ ಹೆಂಚಿನ ಚೂರು. ಆದರೆ ಇದು ಅತಿವಾಹಕ, ಅಂದರೆ ಸಾಕಷ್ಟು ತಣಿಸಿದರೆ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಬಿಡುವ ವಸ್ತು. ಎರಡೂವರೆ, ಮೂರು ಸೆಂಟಿಮೀಟರ್ ಅಗಲದ ಈ ಬಿಲ್ಲೆಯನ್ನು ದ್ರವ ಸಾರಜನಕದಲ್ಲಿ ತಣಿಸಿದರೆ ಸುಮಾರು ಒಂದು ಟೆಸ್ಲಾ ಕಾಂತಕ್ಷೇತ್ರವನ್ನು ಹಿಡಿದಿಡುತ್ತದೆ. ಇನ್ನೂ ತಣಿಸಿದರೆ ಅದರ ಕಸುವೇ ಬೇರೆ. ಇಂಥ ಎರಡು ಬಿಲ್ಲೆಗಳನ್ನು ಜೋಡಿಸಿ 2003ರಲ್ಲಿ ಜಪಾನಿನ ಸಂಶೋಧಕರು ಸೊನ್ನೆಗಿಂತ 244 ಡಿಗ್ರಿ ಸೆಲ್ಸಿಯಸ್ ಕೆಳಗೆ, ಅಂದರೆ 29 ಕೆಲ್ವಿನ್‌ನಲ್ಲಿ 17.24 ಟೆಸ್ಲಾ ಹಿಡಿದರು. 2014ರಲ್ಲಿ ಕೇಂಬ್ರಿಜ್ ತಂಡ 26 ಕೆಲ್ವಿನ್‌ನಲ್ಲಿ 17.6 ಟೆಸ್ಲಾ ಮುಟ್ಟಿತು.

ಬಿಲ್ಲೆಯ ಮೂಲವಸ್ತು ಯಿಟ್ರಿಯಂ, ಬೇರಿಯಂ, ತಾಮ್ರ ಮತ್ತು ಆಮ್ಲಜನಕಗಳ ಸಂಯುಕ್ತ. ಮೊದಲ ಮೂರೂ 1:2:3ರ ಪ್ರಮಾಣದಲ್ಲಿರುವುದರಿಂದ ಪ್ರಯೋಗಾಲಯದವರು ಇದನ್ನು ‘ಒಂದು-ಎರಡು-ಮೂರು’ ಎಂದೇ ಕರೆಯುತ್ತಾರೆ. ಇದರ ಪುಡಿಗೆ ‘ಎರಡು-ಒಂದು-ಒಂದು’ ಎಂಬ ಹಸಿರು ಪುಡಿಯನ್ನೂ ಬೆರೆಸಬೇಕು. ಹಸಿರು ಪುಡಿ ಅತಿವಾಹಕವಲ್ಲ, ಕಲ್ಮಶವೇ ಸರಿ. ಆದರೂ ಅದು ಬೇಕು: ಹರಳಿನೊಳಗೆ ಚದುರಿ ಉಳಿಯುವ ಅದರ ಕಣಗಳೇ ಕಾಂತರೇಖೆಗಳು ಜಾರದಂತೆ ಗೂಟಗಳಾಗುತ್ತವೆ. ಆ ಕಣಗಳು ಸಣ್ಣದಾಗಿಯೇ ಇರಲೆಂದು ಚಿಟಿಕೆ ಪ್ಲಾಟಿನಂ ಅಥವಾ ಸೀರಿಯಂ ಆಕ್ಸೈಡ್ ಸೇರಿಸುತ್ತಾರೆ. ಬೇರಿಯಂ ಸಂಯುಕ್ತಗಳು ವಿಷಕಾರಿ. ಕೈಗವಸು, ಮುಖಗವಸು ಇಲ್ಲದೆ ಪುಡಿಯನ್ನು ಮುಟ್ಟಬಾರದು.

ಮಿಶ್ರಣವನ್ನು ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ, ಅದರ ನಡುನೆತ್ತಿಯ ಮೇಲೆ ಒಂದು ಪುಟ್ಟ ಬೀಜ ಹರಳನ್ನಿಡಿ. ಯಿಟ್ರಿಯಂ ಬದಲು ನಿಯೋಡಿಮಿಯಂ ಅಥವಾ ಸಮೇರಿಯಂ ಇರುವ ಹರಳು ಇದಕ್ಕೆ ಒಗ್ಗುತ್ತದೆ: ಒಳರಚನೆ ಬಹುತೇಕ ಅದೇ, ಕರಗಲು ಮಾತ್ರ ಹೆಚ್ಚು ಬಿಸಿ ಬೇಕು. ಬಿಲ್ಲೆ ಅರೆಕರಗಿದರೂ ಬೀಜ ಗಟ್ಟಿಯಾಗಿಯೇ ನಿಲ್ಲುತ್ತದೆ.

ತಾಳ್ಮೆಯ ಪರೀಕ್ಷೆ ಕುಲುಮೆಯಲ್ಲಿ. ಮೊದಲು ಸುಮಾರು 1045 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ, ಸ್ವಲ್ಪ ಹೊತ್ತು ಹಿಡಿದು, ಸುಮಾರು 1010ರವರೆಗೆ ಬೇಗ ಇಳಿಸಬಹುದು. ಅಲ್ಲಿಂದ ಮುಂದೆ ಗಂಟೆಗೆ 0.3 ಡಿಗ್ರಿ ಮಾತ್ರ. ಮೂವತ್ತು ಡಿಗ್ರಿ ಇಳಿಯಲು ನೂರು ಗಂಟೆ, ಅಂದರೆ ನಾಲ್ಕು ದಿನಕ್ಕೂ ಹೆಚ್ಚು! ಅವಸರಪಟ್ಟರೆ ಅಂಚಿನಲ್ಲಿ ಬೇರೆ ಹರಳುಗಳು ತಾವಾಗಿಯೇ ಹುಟ್ಟುತ್ತವೆ. ಕಾಂತಕ್ಷೇತ್ರವನ್ನು ಹಿಡಿದಿಡುವುದು ಬಿಲ್ಲೆಯೊಳಗೆ ಸುತ್ತುವ ವಿದ್ಯುತ್ತು; ಹರಳುಗಳ ನಡುವಿನ ಗಡಿಯನ್ನು ದಾಟಲು ಅದು ಹೆಣಗುತ್ತದೆ. ವಿದ್ಯುತ್ತು ಎಷ್ಟು ದೊಡ್ಡ ಸುತ್ತು ಹಾಕುತ್ತದೆಯೋ ಅಷ್ಟು ಬಲವಾದ ಕ್ಷೇತ್ರ ಸಿಗುವುದರಿಂದ ಇಡೀ ಬಿಲ್ಲೆ ಒಂದೇ ಹರಳಾಗಿರಬೇಕು. ಬೀಜದಿಂದ ಹೊರಟ ನಾಲ್ಕು ಗೆರೆಗಳು ಗುಣಾಕಾರ ಚಿಹ್ನೆಯಂತೆ ಅಂಚು ಮುಟ್ಟಿದ್ದರೆ ಬೆಳೆ ಚೆನ್ನಾಗಿದೆ ಎಂದರ್ಥ.

ಇಷ್ಟಾದರೂ ಬಿಲ್ಲೆ ದ್ರವ ಸಾರಜನಕದಲ್ಲಿ ಅತಿವಾಹಕವಾಗುವುದಿಲ್ಲ, ಏಕೆಂದರೆ ಅದರಲ್ಲಿ ಆಮ್ಲಜನಕ ಸಾಲದು. ಹರಿಯುವ ಆಮ್ಲಜನಕದಲ್ಲಿ 400ರಿಂದ 450 ಡಿಗ್ರಿಯಲ್ಲಿ ಒಂದು ವಾರದಷ್ಟು ಕಾಲ ಇಡಬೇಕು. ಈ ಹಂತದಲ್ಲಿ ಸೂಕ್ಷ್ಮ ಬಿರುಕುಗಳೂ ಮೂಡುತ್ತವೆ. ವಿಚಿತ್ರವೆಂದರೆ ಆಮ್ಲಜನಕ ಒಳಹೊಕ್ಕುವುದಕ್ಕೆ ಅವೇ ದಾರಿ.

ಅದೇ ಬಿರುಕುಗಳು ಮುಂದೆ ಶತ್ರುಗಳು. 17.6 ಟೆಸ್ಲಾದ ಕಾಂತೀಯ ಒತ್ತಡ ವಾಯುಮಂಡಲದ ಒತ್ತಡದ 1200 ಪಟ್ಟನ್ನೂ ಮೀರುತ್ತದೆ. ಪಿಂಗಾಣಿಯಂಥ ವಸ್ತು ಸಿಡಿದು ಹೋಳಾಗುತ್ತದೆ. ಇದನ್ನು ತಡೆಯಲು ಜಪಾನಿನವರು ನಿರ್ವಾತದಲ್ಲಿ ರಾಳ ಉಣಿಸಿದರು. ಕೇಂಬ್ರಿಜ್‌ನವರು ಯಿಟ್ರಿಯಂ ಬದಲು ಗ್ಯಾಡೊಲಿನಿಯಂ ಬಳಸಿ, ಬೆಳ್ಳಿ ಬೆರೆಸಿ, ಗಾಡಿಚಕ್ರಕ್ಕೆ ಕಾಯಿಸಿದ ಪಟ್ಟಿ ತೊಡಿಸುವಂತೆ ಸ್ಟೀಲಿನ ಬಳೆ ತೊಡಿಸಿದರು. ನನಗೆ ಮೆಚ್ಚುಗೆಯಾದದ್ದು ಬಳೆಯ ಉಪಾಯವೇ.

ಕೊನೆಗೆ ಬಿಲ್ಲೆಯನ್ನು ಬಲವಾದ ಅಯಸ್ಕಾಂತದೊಳಗಿಟ್ಟು ತಣಿಸಿ, ಹೊರಗಿನ ಕ್ಷೇತ್ರವನ್ನು ಮೆಲ್ಲಗೆ ಇಳಿಸಿ. ಬೇಗ ಇಳಿಸಿದರೆ ಬಿಲ್ಲೆ ಒಳಗೇ ಬಿಸಿಯಾಗಿ ಹಿಡಿದದ್ದನ್ನೆಲ್ಲ ಬಿಟ್ಟುಬಿಡುತ್ತದೆ. ದ್ರವ ಸಾರಜನಕ ಆವಿಯಾಗಿ ಗಾಳಿಯ ಆಮ್ಲಜನಕವನ್ನು ತಳ್ಳುವುದರಿಂದ ಕೋಣೆಗೆ ಗಾಳಿಯಾಟ ಇರಲೇಬೇಕು. ನಂತರ ಕಾಂತಕ್ಷೇತ್ರ ಅಳೆಯುವ ಹಾಲ್ ಸಂವೇದಕವನ್ನು ಮೇಲ್ಮೈ ಮೇಲೆ ಆಡಿಸಿ ನಕ್ಷೆ ತೆಗೆಯಿರಿ. ನಡುವೆ ಒಂದೇ ಶಿಖರ ಕಂಡರೆ ಸರಿ. ಎರಡು ಕಂಡರೆ ಎಲ್ಲೋ ಗಡಿಯೋ ಬಿರುಕೋ ಅಡಗಿದೆ. ಮತ್ತೆ ಪುಡಿಯಿಂದಲೇ ಆರಂಭ.