ಹೊಲದ ಕಸಕ್ಕೆ ಬೆಂಕಿ ಇಡುವ ಮುನ್ನ, ಇಟ್ಟ ಮೇಲೆ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಟುಹೋಗುತ್ತದೆ ಅಂತಾರಲ್ಲ, ಹೊಲ ಹಸನು ಮಾಡುವ ಕೆಲಸ ಜೋರಾಗುವುದೂ ಅದೇ ಹೊತ್ತಿಗೆ. ಹತ್ತಿ ಕಡ್ಡಿ, ಜೋಳದ ಕೂಳೆ, ಬದುವಿನ ಒಣಹುಲ್ಲು, ತೆಂಗಿನ ಗರಿ ಎಲ್ಲವನ್ನೂ ಒಟ್ಟಿ ಒಂದು ಕಡ್ಡಿ ಗೀರಿದರೆ ಕೆಲಸ ಮುಗಿಯಿತು ಅನ್ನುವುದು ರೂಢಿ.

ಕೆಲವು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪ ಹೀಗೇ ಒಂದು ಸಂಜೆ ಹತ್ತಿ ಕಡ್ಡಿ ಸುಟ್ಟರು. ಎರಡು ಕೊಡ ನೀರು ಸುರಿದರು. ಹೊಗೆ ನಿಂತಿತು. ಮನೆಗೆ ಬಂದು ಊಟ ಮಾಡಿ ಮಲಗಿದರು. ಮರುದಿನ ಹನ್ನೊಂದು ಗಂಟೆಗೆ ಗಾಳಿ ಎದ್ದಿತು. ಬೂದಿಯ ಅಡಿಯಲ್ಲಿ ಒಂದು ಬೊಡ್ಡೆ ಇನ್ನೂ ಕೆಂಡವಾಗಿಯೇ ಇತ್ತು. ಪಕ್ಕದ ಹೊಲದವರ ರಾಗಿ ಹುಲ್ಲಿನ ಮೆದೆ ಅರ್ಧ ಗಂಟೆಯಲ್ಲಿ ಸುಟ್ಟುಹೋಯಿತು. ಒಂದು ಜೊತೆ ಎತ್ತು, ಎರಡು ಹಸುವಿಗೆ ಮಳೆಗಾಲದ ತನಕ ಇದ್ದ ಮೇವು ಅದು. ನಮ್ಮ ಮೆದೆಯಲ್ಲಿ ಅರ್ಧ ಅವರಿಗೆ ಕೊಟ್ಟೆವು. ಆದರೂ ಆ ಮನೆಯ ಅಜ್ಜಿ ಬೂದಿ ಮುಂದೆ ಕೂತಿದ್ದ ರೀತಿ ನನಗೆ ಮರೆತಿಲ್ಲ. ಬೆಂಕಿ ಹಚ್ಚುವುದು ಎಲ್ಲರಿಗೂ ಗೊತ್ತು. ಆರಿಸುವುದನ್ನು ನಾವು ಸರಿಯಾಗಿ ಕಲಿತಿಲ್ಲ.

ಸುಡಲೇಬೇಕಾ?

ಮೊದಲು ಇದನ್ನು ಕೇಳಿಕೊಳ್ಳಿ. ಒಂದು ಟನ್ ಭತ್ತದ ಹುಲ್ಲು ಸುಟ್ಟರೆ ಸುಮಾರು 5.5 ಕಿಲೋ ಸಾರಜನಕ, 2.3 ಕಿಲೋ ರಂಜಕ, 25 ಕಿಲೋ ಪೊಟ್ಯಾಷ್ ನಷ್ಟ ಎಂಬ ಲೆಕ್ಕವಿದೆ. ಅದನ್ನೇ ಮತ್ತೆ ಗೊಬ್ಬರದ ಅಂಗಡಿಯಲ್ಲಿ ದುಡ್ಡು ಕೊಟ್ಟು ತರುತ್ತೇವೆ. ಕಬ್ಬಿನ ತರಗನ್ನು (ಬೆಳಗಾವಿ ಕಡೆ ರವದಿ ಅಂತಾರೆ) ಸಾಲಿನ ನಡುವೆ ಹರಡಿದರೆ ನೀರೂ ಉಳಿಯುತ್ತದೆ, ಕಳೆಯೂ ಕಡಿಮೆ. ಪುಡಿ ಮಾಡುವ ಯಂತ್ರ, ರೋಟವೇಟರ್ ಬೇಕಿದ್ದರೆ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ವಿಚಾರಿಸಿ. ತೆಂಗಿನ ಗರಿ, ಸಿಪ್ಪೆ, ಅಡಿಕೆ ಹಾಳೆ ಮರದ ಬುಡಕ್ಕೇ ಇರಲಿ.

ಸುಡಲೇಬೇಕಾದ ಸಂದರ್ಭವೂ ಉಂಟು. ಕಾಫಿ ಗಿಡಕ್ಕೆ ಬಿಳಿ ಕಾಂಡಕೊರಕ ಬಿದ್ದರೆ ಕಿತ್ತು ಸುಡುವುದೇ ದಾರಿ. ರೋಗ ಬಿದ್ದ ಗಿಡ, ಮುಳ್ಳುಕಂಟಿ ಇಂಥವನ್ನು ಮಾತ್ರ ಪಟ್ಟಿಯಲ್ಲಿ ಇಟ್ಟುಕೊಳ್ಳಿ. ಪ್ಲಾಸ್ಟಿಕ್ಕು, ಹಳೇ ಟೈರು, ಹರಿದ ಡ್ರಿಪ್ ಪೈಪು, ಮಲ್ಚಿಂಗ್ ಹಾಳೆ, ಔಷಧಿ ಬಾಟಲಿ ಯಾವ ಕಾರಣಕ್ಕೂ ಗುಡ್ಡೆಗೆ ಬೀಳಬಾರದು. ಆ ಹೊಗೆ ಕುಡಿಯುವುದು ನಿಮ್ಮ ಮನೆಯ ಮಕ್ಕಳೇ.

ಕಾನೂನು ಏನು ಹೇಳುತ್ತದೆ

‘ನನ್ನ ಹೊಲ, ನನ್ನ ಬೆಂಕಿ’ ಅನ್ನುವ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಅಜಾಗರೂಕತೆಯಿಂದ ಬೆಂಕಿ ಹಚ್ಚಿ ಜನರ ಪ್ರಾಣಕ್ಕೆ ಅಪಾಯ ತಂದರೆ, ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಬೇಕಂತಲೇ ಹಚ್ಚಿ ಬೇರೆಯವರ ಆಸ್ತಿ ಹಾಳು ಮಾಡಿದರೆ ಶಿಕ್ಷೆ ವರ್ಷಗಳ ಲೆಕ್ಕಕ್ಕೆ ಹೋಗುತ್ತದೆ. ಬಯಲಲ್ಲಿ ತ್ಯಾಜ್ಯ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ ದಂಡ ಗೊತ್ತು ಮಾಡಿದೆ: ಸಾಮಾನ್ಯವಾಗಿ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000.

ಕಾಡಿನ ಪಕ್ಕದ ಊರುಗಳಲ್ಲಿ ಇನ್ನೂ ಬಿಗಿ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದು ಅಪರಾಧ. ಅಭಯಾರಣ್ಯಕ್ಕೆ ಅಪಾಯ ಆಗುವಂತೆ ಬೆಂಕಿ ಹಚ್ಚುವುದಷ್ಟೇ ಅಲ್ಲ, ಉರಿಯುವ ಬೆಂಕಿಯನ್ನು ಬಿಟ್ಟು ಹೋಗುವುದನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಕಲಂ ನಿಷೇಧಿಸುತ್ತದೆ. ಹೊಸ ಹುಲ್ಲು ಚಿಗುರಲಿ ಅಂತ ಬೆಟ್ಟಕ್ಕೆ ಬೆಂಕಿ ಕೊಡುವವರು ಇದನ್ನು ಗಮನಿಸಬೇಕು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟು ತೀರಿಕೊಂಡರು. ಎರಡೇ ವರ್ಷಕ್ಕೆ, 2019ರ ಫೆಬ್ರವರಿಯಲ್ಲಿ, ಅದೇ ಬಂಡೀಪುರದಲ್ಲಿ ಸಾವಿರಾರು ಎಕರೆ ಉರಿದು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು.

ನಿಮ್ಮ ಜಮೀನು ಕಾಡಿನ ಅಂಚಿನಲ್ಲಿದ್ದರೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಮೊದಲೇ ತಿಳಿಸಿ. ಈಗ ಉಪಗ್ರಹ ಬೆಂಕಿಯನ್ನು ಕಂಡುಹಿಡಿದು ಇಲಾಖೆಗೆ ಎಚ್ಚರಿಕೆ ಕಳಿಸುತ್ತದೆ. ತಿಳಿಸಿದ್ದರೆ ಸಿಬ್ಬಂದಿ ಸುಮ್ನೆ ಓಡಿ ಬರುವುದು ತಪ್ಪುತ್ತದೆ. ಅರಣ್ಯದವರು ಬೇಡ ಅಂದರೆ ಬೇಡ. ಊರಲ್ಲಿ ಗ್ರಾಮ ಪಂಚಾಯಿತಿಗೂ ಅಕ್ಕಪಕ್ಕದ ಹೊಲದವರಿಗೂ ಒಂದು ಮಾತು ಹೇಳಿ.

ಜಾಗ, ಹೊತ್ತು, ಸಾಮಾನು

ಗುಡ್ಡೆ ಸಣ್ಣದಿರಲಿ, ಸೊಂಟಕ್ಕಿಂತ ಎತ್ತರ ಬೇಡ. ದೊಡ್ಡದೊಂದರ ಬದಲು ಸಣ್ಣ ಸಣ್ಣದಾಗಿ, ಒಂದು ಆರಿದ ಮೇಲೆ ಇನ್ನೊಂದು. ಸುತ್ತ ಹತ್ತು ಅಡಿ ನೆಲವನ್ನು ಮಣ್ಣು ಕಾಣುವ ತನಕ ಕೆರೆಯಿರಿ. ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರು ಮಾಡುವ ಬೆಂಕಿ ರೇಖೆಯೂ ಇದೇ: ಉರಿಗೆ ತಿನ್ನಲು ಏನೂ ಸಿಗದ ಒಂದು ಪಟ್ಟಿ. ಮೇಲೆಯೂ ಒಮ್ಮೆ ನೋಡಿ. ಕರೆಂಟ್ ತಂತಿಯ ಕೆಳಗೆ, ಒಣಗರಿ ನೇತಾಡುವ ತೆಂಗಿನ ಕೆಳಗೆ ಬೇಡವೇ ಬೇಡ. ಮೆದೆ, ಕೊಟ್ಟಿಗೆ, ಗುಡಿಸಲು ಇರುವ ಕಡೆಗೆ ಗಾಳಿ ಬೀಸುತ್ತಿದ್ದರೆ ಆ ದಿನ ಕೆಲಸ ಮುಂದೂಡಿ. ಒಂದು ಹಿಡಿ ಒಣಮಣ್ಣು ಮೇಲಿಂದ ಉದುರಿಸಿದರೆ ಗಾಳಿ ಎತ್ತ ಅನ್ನುವುದು ಗೊತ್ತಾಗುತ್ತದೆ.

ಸಂಜೆ ಗಾಳಿ ಇರಲ್ಲ ಅಂತ ಜಾಸ್ತಿ ಜನ ಸಂಜೆ ಹಚ್ಚುತ್ತಾರೆ. ಆಮೇಲೆ ಕತ್ತಲಾಗುತ್ತದೆ, ಮನೆಗೆ ಹೋಗುತ್ತಾರೆ, ಕಾಯುವವರಿಲ್ಲ. ನನ್ನ ಪ್ರಕಾರ ಇಬ್ಬನಿ ಇರುವ ಮುಂಜಾನೆಯೇ ಸರಿ. ಏಳಕ್ಕೆ ಹಚ್ಚಿ, ಗಾಳಿ ಏಳುವ ಮುಂಚೆ ಮುಗಿಸಿ. ಆರಿತೋ ಇಲ್ಲವೋ ನೋಡಲು ಇಡೀ ಹಗಲು ಕೈಯಲ್ಲಿರುತ್ತದೆ.

ಕೈಗೆ ಸಿಗುವಂತೆ ಇವಿರಲಿ: ಒಂದು ಡ್ರಮ್ಮು ನೀರು, ಕೊಡ, ಗುದ್ದಲಿ, ಒದ್ದೆ ಗೋಣಿಚೀಲ, ಹೊಂಗೆಯದೋ ಇನ್ನೊಂದರದೋ ಹಸಿ ಕೊಂಬೆ. ಔಷಧಿ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು ನೀರು ತುಂಬಿಟ್ಟುಕೊಂಡರೆ ತುಂಬಾ ಉಪಯೋಗ. ಹತ್ತಿ ಬಟ್ಟೆ ಹಾಕಿ. ನೈಲಾನ್ ಸೀರೆ, ಪಾಲಿಯೆಸ್ಟರ್ ಲುಂಗಿ ಮೈಗೆ ಅಂಟಿ ಸುಡುತ್ತವೆ. ಒಬ್ಬರೇ ಹೋಗಬೇಡಿ.

ಹಚ್ಚುವ ಮೊದಲು ಗುಡ್ಡೆಯನ್ನು ಕೋಲಿನಿಂದ ಅಲುಗಾಡಿಸಿ. ನಾಲ್ಕು ದಿನ ಬಿದ್ದಿದ್ದ ಕಸದಲ್ಲಿ ಹಾವೋ ಕೌಜುಗವೋ ಸೇರಿಕೊಂಡಿರುತ್ತದೆ. ಒಂದೇ ಕಡೆಯಿಂದ ಹಚ್ಚಿ, ಓಡಲು ದಾರಿ ಸಿಗಲಿ. ಪೆಟ್ರೋಲ್ ಸುರಿಯಬೇಡಿ. ಅದರ ಆವಿ ನೆಲದ ಮೇಲೆ ಹರಡಿಕೊಂಡು ಕಡ್ಡಿ ಗೀರಿದ ಕ್ಷಣಕ್ಕೆ ಕಾಲ ಹತ್ತಿರವೇ ಭಗ್ ಅನ್ನುತ್ತದೆ.

ಕೈ ಮೀರಿದರೆ

ಗೆರೆ ದಾಟಿದ ಬೆಂಕಿಯನ್ನು ಮೊದಲ ಎರಡು ನಿಮಿಷದಲ್ಲಿ ಹಸಿ ಸೊಪ್ಪಿನಿಂದ ಬಡಿದು ಆರಿಸಬಹುದು. ಕೊಂಬೆಯನ್ನು ಎತ್ತಿ ಎತ್ತಿ ಬೀಸಿದರೆ ಕಿಡಿ ಹಾರುತ್ತದೆ. ಒತ್ತಿ, ಉರಿಯ ಕಡೆಗೇ ಎಳೆಯಿರಿ. ಆಳುದ್ದ ಉರಿ ಎದ್ದರೆ ಬಿಟ್ಟು ಹಿಂದೆ ಸರಿಯಿರಿ. 112 ಅಥವಾ 101ಕ್ಕೆ ಫೋನ್ ಮಾಡಿ. ಕಾಡಿನ ಕಡೆ ಹೋಗುತ್ತಿದ್ದರೆ ಅರಣ್ಯ ಇಲಾಖೆಯ 1926ಕ್ಕೂ. ಊರಿನ ಹೆಸರು ಮಾತ್ರ ಸಾಲದು. ಯಾವ ಗುಡಿ, ಯಾವ ಕೆರೆ ಏರಿ, ಬೆಂಕಿ ಆರಿಸುವ ಗಾಡಿ ಯಾವ ದಾರಿಯಲ್ಲಿ ಬರಬಹುದು ಅನ್ನುವುದನ್ನು ಹೇಳಿ. ರಸ್ತೆಗೆ ಒಬ್ಬರನ್ನು ಕಳಿಸಿ.

ಬೆಂಕಿಯ ಎದುರಿಗೆ ನಿಲ್ಲಬೇಡಿ. ಸುಟ್ಟುಹೋದ ಹಿಂಬದಿಯಿಂದ ಇಲ್ಲವೇ ಪಕ್ಕದಿಂದ ಹೋಗಿ. ಗುಡ್ಡದಲ್ಲಾದರೆ ಮೇಲಕ್ಕೆ ಓಡಬೇಡಿ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದ ಹಾಗೆ ಮೇಲಕ್ಕೇರುವ ಬೆಂಕಿಯ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಎದುರು ಬೆಂಕಿ ಕೊಡುವುದು (ಬರುವ ಬೆಂಕಿಗೆ ತಿನ್ನಲು ಸಿಗದ ಹಾಗೆ ಮುಂದಿನ ಹುಲ್ಲನ್ನು ಮೊದಲೇ ಸುಡುವುದು) ಅನುಭವಿ ಸಿಬ್ಬಂದಿಯ ಕೆಲಸ. ಕೊಟ್ಟಿಗೆ ಕಡೆ ಉರಿ ತಿರುಗಿದರೆ ಮೊದಲು ದನಗಳ ಹಗ್ಗ ಬಿಚ್ಚಿ.

ಬಟ್ಟೆಗೆ ಹತ್ತಿಕೊಂಡರೆ ಓಡದೆ ನೆಲದ ಮೇಲೆ ಉರುಳಬೇಕು. ಸುಟ್ಟ ಜಾಗಕ್ಕೆ 20 ನಿಮಿಷ ತಣ್ಣೀರು ಹರಿಯಲಿ. ಟೂತ್‌ಪೇಸ್ಟು, ಇಂಕು ಬೇಡ. ಶುಭ್ರ ಬಟ್ಟೆ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಿರಿ.

ಆರಿಸುವುದು

ನಾವು ಎಡವುವುದು ಇಲ್ಲೇ. ಬೆಂಕಿಪೊಟ್ಟಣ ದುಬಾರಿ ಅನಿಸುತ್ತಿದ್ದ ಕಾಲದಲ್ಲಿ ಅಜ್ಜಿಯರು ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಕೆದಕಿ ಊದಿದರೆ ಒಲೆ ಹೊತ್ತುತ್ತಿತ್ತು. ದಕ್ಷಿಣ ಕನ್ನಡದಲ್ಲಿ ಸುಡುಮಣ್ಣು (ಗೊಬ್ಬರಕ್ಕೆ ಬಳಸುವ ಸುಟ್ಟ ಮಣ್ಣು) ಮಾಡುವವರೂ ಸೊಪ್ಪು ಸದೆಯ ಮೇಲೆ ಮಣ್ಣು ಮುಚ್ಚಿಯೇ ನಿಧಾನಕ್ಕೆ ಸುಡಿಸುತ್ತಾರೆ. ಅಂದರೆ ಬೂದಿ, ಮಣ್ಣು ಮುಚ್ಚುವುದು ಕೆಂಡ ಉಳಿಸುವ ಉಪಾಯ. ಹೊಲದಲ್ಲಿ ಗುಡ್ಡೆಯ ಮೇಲೆ ನಾಲ್ಕು ಗುದ್ದಲಿ ಮಣ್ಣು ಎಳೆದು ಹೊರಟರೆ ನಾವು ಮಾಡಿದ್ದೂ ಅದೇ ಆಗುತ್ತದೆ.

ಆದ್ದರಿಂದ ಮೊದಲು ಗುಡ್ಡೆಯನ್ನು ಗುದ್ದಲಿಯಿಂದ ಅಗಲಕ್ಕೆ ಹರಡಿ. ನೀರು ಹಾಕಿ. ಬುಡದ ತನಕ ಕೆದಕಿ, ಮೇಲಿನದು ಕೆಳಗೆ ಮಾಡಿ, ಮತ್ತೆ ನೀರು ಹಾಕಿ. ಚುಸ್ ಅನ್ನುವ ಸದ್ದು ಬಂದರೆ ಅಲ್ಲಿ ಇನ್ನೂ ಜೀವ ಇದೆ. ದಪ್ಪ ಬೊಡ್ಡೆಗಳನ್ನು ಹೊರಗೆ ಎಳೆದು, ಒಂದೊಂದನ್ನೂ ತಿರುಗಿಸಿ ನೆನೆಸಿ. ಗದ್ದೆಯ ಕೆಸರಿನ ಹಾಗೆ ಆಗುವ ತನಕ ಕಲಸಿ. ಹಳೆಯ ಮರದ ಬುಡ ಪಕ್ಕದಲ್ಲಿದ್ದರೆ ಬೇರಿನ ಕಡೆಗೂ ಅಗೆದು ನೋಡಿ. ಒಣಬೇರು ನೆಲದೊಳಗೇ ಹೊಗೆಯಾಡುತ್ತಾ ಹೋಗಿ ಇನ್ನೆಲ್ಲೋ ಹೊರಬರುತ್ತದೆ.

ಅರ್ಧ ಗಂಟೆ ಬಿಟ್ಟು ಅಂಗೈ ತಿರುಗಿಸಿ, ಕೈಯ ಹಿಂಭಾಗವನ್ನು ಬೂದಿಯ ಹತ್ತಿರ ಹಿಡಿಯಿರಿ. ಶಾಖ ಇಲ್ಲ ಅನಿಸಿದರೆ ಮಾತ್ರ ಮುಟ್ಟಿ. ನಾಲ್ಕೈದು ಕಡೆ ಹೀಗೆ ನೋಡಿ. ಎಲ್ಲಾದರೂ ಬೆಚ್ಚಗಿದ್ದರೆ ಮತ್ತೆ ನೀರು, ಮತ್ತೆ ಗುದ್ದಲಿ.

ಮರುದಿನ ಬೆಳಿಗ್ಗೆ, ಗಾಳಿ ಏಳುವ ಮುಂಚೆ, ಒಂದು ಕೊಡ ನೀರು ಹಿಡಿದುಕೊಂಡು ಇನ್ನೊಂದು ಸಲ ಹೋಗಿ ಕೆದಕಿ ಬನ್ನಿ. ಚಿಕ್ಕಪ್ಪ ಈಗ ಸಂಜೆಯೂ ಒಂದು ಸುತ್ತು ಹೋಗುತ್ತಾರೆ.