ಐಸ್ ಇಲ್ಲದ ಬೆಳಗಾವಿಯಲ್ಲಿ ನಾನು ಒಲಿಂಪಿಕ್ಸ್ ಫಿಗರ್ ಸ್ಕೇಟಿಂಗ್ ನೋಡಲು ಕಲಿತದ್ದು

ನಾನು ಬೆಳಗಾವಿಯಲ್ಲಿ ಮಕ್ಕಳಿಗೆ ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್ ಕಲಿಸುತ್ತೇನೆ. ನಮ್ಮದು ನಾಲ್ಕು ಚಕ್ರದ ಸ್ಕೇಟು, ಸಿಮೆಂಟ್ ನೆಲ. ಊರಲ್ಲಿ ಸ್ಕೇಟಿಂಗ್ ಮಾಡೋ ಮಕ್ಕಳು ಜಾಸ್ತಿ. ಆದರೆ ಹೆಚ್ಚಿನವರು ರೇಸಿಗೆ ಹೋಗುತ್ತಾರೆ. ಜಂಪು, ಸ್ಪಿನ್ನು ಕಲಿಯೋರು ಕಡಿಮೆ, ಕಲಿಸೋರು ಇನ್ನೂ ಕಡಿಮೆ. ಹಾಗಾಗಿ ನಾನು ಪಾಠ ಹುಡುಕಿದ್ದು ಚಳಿಗಾಲದ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್‌ನಲ್ಲಿ.

ಐಸ್ ಮೇಲಿನ ಆಟ ನಮಗೇನು ಕಲಿಸುತ್ತೆ ಅಂತ ಪಾಲಕರು ಕೇಳುತ್ತಾರೆ. ತುಂಬಾನೇ ಕಲಿಸುತ್ತೆ. ಅಲ್ಲಿನ ಆರು ಮುಖ್ಯ ಜಂಪುಗಳು ನಮ್ಮಲ್ಲೂ ಇವೆ: ಟೋ ಲೂಪ್, ಸಾಲ್ಕೋ, ಲೂಪ್, ಫ್ಲಿಪ್, ಲುಟ್ಜ್, ಆಕ್ಸೆಲ್. ಬ್ಲೇಡಿನ ಮುಂದಿರುವ ಹಲ್ಲಿನ ಕೆಲಸವನ್ನು ನಮ್ಮಲ್ಲಿ ಟೋ ಸ್ಟಾಪರ್, ಅಂದರೆ ಸ್ಕೇಟಿನ ಮುಂತುದಿಯ ರಬ್ಬರ್ ತುಂಡು, ಮಾಡುತ್ತೆ. ಅಂಕ ಹಾಕುವ ಕ್ರಮವೂ ಈಗ ಬಹುಮಟ್ಟಿಗೆ ಐಸ್‌ನವರದ್ದೇ ದಾರಿಯಲ್ಲಿದೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಗಾಳಿಯಲ್ಲಿ ಎಷ್ಟು ಸುತ್ತು ಅಂತ ಎಣಿಸುತ್ತಿದ್ದೆ. ಆಮೇಲೆ ಸೌಂಡ್ ಆಫ್ ಮಾಡಿ, ಜಂಪಿಗೆ ಮುಂಚಿನ ಒಂದು ಕ್ಷಣದಲ್ಲಿ ಕಾಲನ್ನು ಮಾತ್ರ ನೋಡಲು ಶುರು ಮಾಡಿದೆ. ಎಲ್ಲಾ ಗುಟ್ಟೂ ಅಲ್ಲೇ ಇದೆ. ಬ್ಲೇಡಿಗೆ ಎರಡು ಅಂಚು: ಒಳಗಿನದು, ಹೊರಗಿನದು. ಯಾವ ಅಂಚಿನ ಮೇಲೆ ನಿಂತು ಹಾರಿದರು, ಇನ್ನೊಂದು ಕಾಲಿನ ತುದಿ ಊರಿದರೋ ಇಲ್ಲವೋ ಅನ್ನೋದರ ಮೇಲೆ ಅದು ಯಾವ ಜಂಪು ಅಂತ ತೀರ್ಮಾನ. ಆಕ್ಸೆಲ್ ಗುರುತಿಸೋದು ಸುಲಭ. ಅದೊಂದನ್ನೇ ಮುಖ ಮುಂದೆ ಮಾಡಿಕೊಂಡು ಹಾರುತ್ತಾರೆ, ಅದಕ್ಕೇ ಅರ್ಧ ಸುತ್ತು ಜಾಸ್ತಿ.

ಕಷ್ಟ ಇರೋದು ಫ್ಲಿಪ್ ಮತ್ತು ಲುಟ್ಜ್ ನಡುವೆ. ಎರಡರಲ್ಲೂ ಹಿಮ್ಮುಖವಾಗಿ ಜಾರುತ್ತಾ ಎಡಗಾಲಿನ ಮೇಲೆ ನಿಂತಿರುತ್ತಾರೆ, ಬಲಗಾಲಿನ ತುದಿ ಊರಿ ಹಾರುತ್ತಾರೆ. ಫ್ಲಿಪ್‌ಗೆ ಎಡಗಾಲಿನ ಒಳ ಅಂಚು, ಲುಟ್ಜ್‌ಗೆ ಹೊರ ಅಂಚು. ಹೊರ ಅಂಚಿನಲ್ಲಿ ಕಾಲು ಒಂದು ಕಡೆ ಬಳಸಿ ಹೋಗುತ್ತಿರುತ್ತೆ, ಮೈ ಮಾತ್ರ ಅದರ ಎದುರು ದಿಕ್ಕಿಗೆ ತಿರುಗಬೇಕು. ಮೈಗೆ ಅದು ಒಗ್ಗಲ್ಲ. ಹಾರುವ ಹೊತ್ತಿಗೆ ಪಾದ ತಾನಾಗಿ ಒಳಕ್ಕೆ ವಾಲುತ್ತೆ. ಹಾಗೆ ವಾಲಿದರೆ ಅಂಕಪಟ್ಟಿಯಲ್ಲಿ ‘ಇ’ ಗುರುತು, ಅಂದರೆ ಅಂಚು ತಪ್ಪು ಅಂತ, ಬೀಳುತ್ತೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಟ್ರಿಪಲ್, ಅಂದರೆ ಮೂರು ಸುತ್ತಿನ, ಲುಟ್ಜ್‌ನ ಮೂಲ ಬೆಲೆ 5.90, ಟ್ರಿಪಲ್ ಫ್ಲಿಪ್‌ನದ್ದು 5.30. ‘ಇ’ ಬಿದ್ದ ಲುಟ್ಜ್ 4.72ಕ್ಕೆ ಇಳಿಯುತ್ತೆ. ಅಂದರೆ ಫ್ಲಿಪ್‌ಗಿಂತ ಕಡಿಮೆ! ಅದರ ಮೇಲೆ ಜಡ್ಜ್‌ಗಳೂ ಕಳೆಯುತ್ತಾರೆ. ಒಬ್ಬೊಬ್ಬ ಜಡ್ಜ್ ಜಂಪು, ಸ್ಪಿನ್ನಿನಂಥ ಪ್ರತಿ ಅಂಶಕ್ಕೂ ಮೈನಸ್ 5ರಿಂದ ಪ್ಲಸ್ 5ರವರೆಗೆ ಕೊಡಬಹುದು. ಒಟ್ಟು ಒಂಬತ್ತು ಜಡ್ಜ್‌ಗಳು. ಅತಿ ಹೆಚ್ಚಿನ ಒಂದು, ಅತಿ ಕಡಿಮೆಯ ಒಂದು ಬಿಟ್ಟು ಉಳಿದವರ ಸರಾಸರಿ.

ಈ ಅಂಕಪಟ್ಟಿಗಳು ಎಲ್ಲರಿಗೂ ಸಿಗುತ್ತವೆ. ನನ್ನ ಪಾಲಿಗೆ ಅವೇ ಪಠ್ಯಪುಸ್ತಕ. ಮಳೆಗಾಲದಲ್ಲಿ ನಮ್ಮ ಬಯಲು ರಿಂಕ್ ಒದ್ದೆಯಾಗಿ ಚಕ್ರ ನಿಲ್ಲಲ್ಲ. ಬೆಳಗಾವಿ ಮಳೆ ನಿಮಗೆ ಗೊತ್ತಲ್ವಾ, ಹಿಡಿದರೆ ಬಿಡಲ್ಲ. ಆ ದಿನಗಳಲ್ಲಿ ಮಕ್ಕಳನ್ನು ಒಳಗೆ ಕೂರಿಸಿ ವಿಡಿಯೋ ಹಾಕುತ್ತೇನೆ. ಜಂಪು ಬಂದಾಗ ನಿಲ್ಲಿಸಿ, ನಿಧಾನಕ್ಕೆ ಮತ್ತೆ ಓಡಿಸುತ್ತೇನೆ. ಯಾವ ಜಂಪು, ಅಂಚು ಸರಿನಾ, ಸುತ್ತು ಪೂರ್ತಿ ಆಯ್ತಾ, ಅವರೇ ಬರೆದುಕೊಳ್ಳಬೇಕು. ಆಮೇಲೆ ಪಟ್ಟಿ ತೆಗೆದು ತಾಳೆ ನೋಡುತ್ತೇವೆ. ಒಮ್ಮೆ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಕಾಲು ಕೊನೀಗೆ ಒಳಗ ಹೊಳ್ಳೇತಿ ನೋಡ್ರಿ” ಅಂದಳು. ನನಗೆ ಕಂಡಿರಲಿಲ್ಲ. ಪಟ್ಟಿ ನೋಡಿದರೆ ‘ಇ’ ಇತ್ತು. ಆವತ್ತು ನನಗಾದ ಖುಷಿ ಯಾವ ಮೆಡಲಿಗೂ ಕಡಿಮೆ ಇರಲಿಲ್ಲ.

ಬೀಜಿಂಗ್‌ನ ಮಹಿಳೆಯರ ಸ್ಪರ್ಧೆಯನ್ನು ನಾವು ಪೂರ್ತಿ ಬಿಡಿಸಿ ನೋಡಿದೆವು. ಸ್ಪರ್ಧೆಗೆ ಎರಡು ಭಾಗ: ಮೊದಲು ಚಿಕ್ಕದಾದ ಶಾರ್ಟ್ ಪ್ರೋಗ್ರಾಮ್, ಆಮೇಲೆ ಉದ್ದದ ಫ್ರೀ ಸ್ಕೇಟ್. ಎರಡರ ಅಂಕ ಕೂಡಿಸಿ ಗೆಲುವಿನ ತೀರ್ಮಾನ. ಅಲೆಕ್ಸಾಂಡ್ರಾ ಟ್ರುಸೋವಾ ಫ್ರೀ ಸ್ಕೇಟ್‌ನಲ್ಲಿ ಐದು ಕ್ವಾಡ್, ಅಂದರೆ ನಾಲ್ಕು ಸುತ್ತಿನ ಜಂಪು, ಹಾರಿದಳು. ಆದರೂ ಚಿನ್ನ ಬಂದದ್ದು ಅನ್ನಾ ಶೆರ್ಬಕೋವಾಗೆ. ಇದು ಅನ್ಯಾಯ ಅಂತ ಮಕ್ಕಳು ಜಗಳಕ್ಕೇ ಬಂದರು. ಲೆಕ್ಕ ಬೋರ್ಡ್ ಮೇಲೆ ಬರೆದೆ. ಫ್ರೀ ಸ್ಕೇಟ್‌ನಲ್ಲಿ ಟ್ರುಸೋವಾ 177.13, ಶೆರ್ಬಕೋವಾ 175.75. ಅಲ್ಲಿ ಟ್ರುಸೋವಾನೇ ಮುಂದೆ. ಆದರೆ ಶಾರ್ಟ್ ಪ್ರೋಗ್ರಾಮ್‌ನಲ್ಲಿ ಟ್ರಿಪಲ್ ಆಕ್ಸೆಲ್ ಹಾರಲು ಹೋಗಿ ಬಿದ್ದಿದ್ದಳು. ಅಲ್ಲಿ 74.60 ಮಾತ್ರ. ಶೆರ್ಬಕೋವಾಗೆ 80.20 ಇತ್ತು. ಜಗಳ ಅಲ್ಲಿಗೆ ಮುಗೀತು.

ಆದರೆ ನಾನು ಮಕ್ಕಳಿಗೆ ಪದೇ ಪದೇ ತೋರಿಸೋದು ಈ ಇಬ್ಬರನ್ನಲ್ಲ, ಕಂಚು ಗೆದ್ದ ಜಪಾನಿನ ಕಾವೋರಿ ಸಕಾಮೋಟೋನ. ಅವಳ ಪ್ರೋಗ್ರಾಮ್‌ನಲ್ಲಿ ಕ್ವಾಡ್ ಇಲ್ಲ, ಟ್ರಿಪಲ್ ಆಕ್ಸೆಲ್ ಕೂಡ ಇಲ್ಲ. ಅವಳ ಡಬಲ್ ಆಕ್ಸೆಲ್ ನೋಡಿ. ಅದರ ಮೂಲ ಬೆಲೆ ಬರೀ 3.30. ಆದರೆ ಎಂಥ ವೇಗದಲ್ಲಿ ಬರುತ್ತಾಳೆ, ಎಷ್ಟು ದೂರ ಹಾರುತ್ತಾಳೆ, ಇಳಿದ ಮೇಲೂ ಆ ವೇಗ ಹಾಗೇ ಉಳಿದಿರುತ್ತೆ. ಪಾದ ಗಟ್ಟಿಯಾಗಿ ಅಂಚಿನ ಮೇಲೆ ನಿಂತಿದ್ದರೆ ಮಾತ್ರ ಇದು ಸಾಧ್ಯ. ನಮ್ಮಂಥ ಊರಿನ ಮಕ್ಕಳು ಆ ಆಟವನ್ನೇ ನೋಡಿ ಕಲಿಯಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಅಂಚು ಗಟ್ಟಿಯಾಗಲು ನಾನು ಹಿಡಿದದ್ದು ಹಳೇ ದಾರಿ. ಹಿಂದೆ ಒಲಿಂಪಿಕ್ಸ್‌ನಲ್ಲೂ ಐಸ್ ಮೇಲೆ ವೃತ್ತ, ಎಂಟರ ಆಕಾರ ಕೊರೆಯೋದೇ ಸ್ಪರ್ಧೆಯ ದೊಡ್ಡ ಭಾಗವಾಗಿತ್ತು. 1972ರ ಸಪ್ಪೊರೋದಲ್ಲಿ ಆಸ್ಟ್ರಿಯಾದ ಟ್ರಿಕ್ಸಿ ಶುಬಾ ಅದರ ಬಲದಿಂದಲೇ ಚಿನ್ನ ಗೆದ್ದಳು. ಫ್ರೀ ಸ್ಕೇಟ್‌ನಲ್ಲಿ ಅವಳದ್ದು ಏಳನೇ ಸ್ಥಾನ! ಟಿವಿಯಲ್ಲಿ ನೋಡೋರಿಗೆ ಇದು ಅರ್ಥವಾಗಲಿಲ್ಲ. ಮುಂದಿನ ವರ್ಷ ಶಾರ್ಟ್ ಪ್ರೋಗ್ರಾಮ್ ಬಂತು, 1990ರ ನಂತರ ಆ ವೃತ್ತಗಳನ್ನು ದೊಡ್ಡ ಸ್ಪರ್ಧೆಗಳಿಂದ ತೆಗೆದೇ ಬಿಟ್ಟರು. ರೋಲರ್‌ನಲ್ಲಿ ಅವು ಇನ್ನೂ ಇವೆ. ನಾವು ರಿಂಕ್ ಮಧ್ಯೆ ಒಬ್ಬ ಹುಡುಗನ ಕೈಗೆ 3 ಮೀಟರ್ ಹಗ್ಗದ ತುದಿ ಕೊಟ್ಟು, ಇನ್ನೊಂದು ತುದಿಗೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆಯುತ್ತೇವೆ. ಒಂದೇ ಕಾಲಿನ ಮೇಲೆ, ಗೆರೆ ಬಿಡದೆ, ಪೂರ್ತಿ ಸುತ್ತು. ಮೊದಲು ಮುಮ್ಮುಖ, ಆಮೇಲೆ ಹಿಮ್ಮುಖ. ಮಕ್ಕಳಿಗೆ ಬೇಸರ ಬರುತ್ತೆ, ನಿಜ. ನಾನು ಬಿಡಲ್ಲ.

ಐಸ್‌ನಿಂದ ಹಾಗೇ ಎತ್ತಿಕೊಳ್ಳಲಾಗದ್ದೂ ಇದೆ. ನಮ್ಮ ಸ್ಕೇಟ್‌ಗೆ ಅಂಚು ಅನ್ನೋದು ಬ್ಲೇಡಿನಿಂದ ಬರಲ್ಲ. ಪಾದ ವಾಲಿದಾಗ ಸ್ಕೇಟಿನ ತಳಕ್ಕೂ ಚಕ್ರದ ಅಚ್ಚಿಗೂ ನಡುವಿನ ರಬ್ಬರ್ ಒತ್ತಿ, ಚಕ್ರ ತಿರುಗಿ ಬರುತ್ತೆ. ರಬ್ಬರ್ ಬಿಗಿ ಜಾಸ್ತಿ ಆದರೆ ಮಗು ಎಷ್ಟು ವಾಲಿದರೂ ಸ್ಕೇಟ್ ನೆಟ್ಟಗೇ ಓಡುತ್ತೆ. ಹೊಸ ಸ್ಕೇಟ್ ತಂದವರದ್ದು ಹೆಚ್ಚಾಗಿ ಹೀಗೇ ಇರುತ್ತೆ. ಪಾಲಕರು ಮಗುವಿನ ಕಾಲಲ್ಲಿ ಬಲ ಇಲ್ಲ ಅಂದುಕೊಳ್ಳುತ್ತಾರೆ. ಆ ರಬ್ಬರ್ ಬಿಗಿಯುವ ನಟ್ಟನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಪ್ರತಿ ಸಲ ವೃತ್ತದ ಮೇಲೆ ಓಡಿಸಿ ನೋಡಬೇಕು. ತೀರಾ ಸಡಿಲ ಮಾಡಿದರೆ ಜಂಪಿನಿಂದ ಇಳಿಯುವಾಗ ಪಾದ ನಡುಗುತ್ತೆ, ಅದೂ ಬೇಡ. ಹಗುರ ಮೈಯ ಮಗುವಿಗೆ ಮೆತ್ತನೆ ರಬ್ಬರೇ ಸರಿ. ‘ಇ’ ಗುರುತು ಹಿಡಿದ ಆ ಹುಡುಗಿಗೂ ಮೆತ್ತನೆಯದೇ ಹಾಕಿದ್ದೇವೆ. ಅವಳ ಸಿಂಗಲ್ ಲುಟ್ಜ್ ಈಗ ಹೊರ ಅಂಚಿನಿಂದಲೇ ಏಳುತ್ತಿದೆ. ಮಳೆ ನಿಂತು ರಿಂಕ್ ಒಣಗಿದ ಮೇಲೆ ಡಬಲ್‌ಗೆ ಕೈ ಹಾಕುತ್ತೇವೆ.